ಕನ್ನಡಿ ಎದುರು ಕೂತು ಡ್ರಮ್ಸ್ ಪ್ರಾಕ್ಟೀಸ್ ಮಾಡಿದರೆ ಎಡಗೈ ಸುಧಾರಿಸುತ್ತಾ?

ಸ್ನೇರ್_ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಡ್ರಮ್ಸ್ ಕಲಿಯಲು ಶುರು ಮಾಡಿ ಎರಡು ವರ್ಷ ಆಯಿತು. ಮೊದಲ ಎಂಟು ತಿಂಗಳು ಒಬ್ಬ ಸರ್ ಹತ್ತಿರ ಕಲಿತೆ. ಅವರು ಕೆಲಸದ ಮೇಲೆ ಹೈದರಾಬಾದಿಗೆ ಹೋದರು. ಆಮೇಲಿನದೆಲ್ಲಾ ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತದ್ದು. ಮನೆಯಲ್ಲಿ ಪೂರ್ತಿ ಸೆಟ್ ಇಲ್ಲ, ಪ್ಲೈವುಡ್ ತುಂಡಿನ ಮೇಲೆ ಲಾರಿ ಟ್ಯೂಬಿನ ರಬ್ಬರ್ ಬಿಗಿದು ಮಾಡಿಕೊಂಡ ಪ್ಯಾಡ್ ಇದೆ. ವಾರಕ್ಕೆ ಎರಡು ಸಲ ಗೆಳೆಯರ ಆರ್ಕೆಸ್ಟ್ರಾ ರೂಮಿನಲ್ಲಿ ಸೆಟ್ ಮೇಲೆ ಕೂರಲು ಸಿಗುತ್ತದೆ.

ನನ್ನ ತೊಂದರೆ ಎಡಗೈದು. ಬಲಗೈ ಹೊಡೆತ ಗಟ್ಟಿ ಬರುತ್ತದೆ, ಎಡಗೈ ಹೊಡೆತ ಸಪ್ಪೆ. ಮೆಟ್ರೊನೋಮ್ (ಲಯಕ್ಕೆ ಟಿಕ್ ಟಿಕ್ ಅನ್ನುವ ಯಂತ್ರ) ನಿಮಿಷಕ್ಕೆ 100 ಬೀಟ್ ಇದ್ದಾಗ ಹೇಗೋ ನಡೆಯುತ್ತದೆ. 120 ದಾಟಿದ ಕೂಡಲೇ ಒಂದು ಬೀಟಿಗೆ ನಾಲ್ಕು ಹೊಡೆತ ಹಾಕುವಾಗ ಎಡಗೈ ಹಿಂದೆ ಬೀಳುತ್ತದೆ. ಅರ್ಧ ಗಂಟೆ ಆದರೆ ಮೊಣಕೈ ಕೆಳಗೆ ಬಿಗಿ ಹಿಡಿಯುತ್ತದೆ. ಎಡಗೈಯಿಂದ ಊಟ ಮಾಡು, ಎಡಗೈಯಿಂದ ಬರಿ ಅಂತ ಯಾರೋ ಹೇಳಿದರು. ಎರಡೂ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ.

ಕನ್ನಡಿ ಎದುರು ಪ್ರಾಕ್ಟೀಸ್ ಮಾಡು ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು. ಹೋದ ವಾರ ಮನೆಯ ಅಲ್ಮಾರಿ ಕನ್ನಡಿ ಎದುರು ಕುರ್ಚಿ ಹಾಕಿಕೊಂಡು ಕೂತೆ. ಕನ್ನಡಿ ನೋಡಲು ಹೋದರೆ ಲಯ ತಪ್ಪುತ್ತದೆ, ಲಯ ಹಿಡಿದರೆ ಕನ್ನಡಿ ಮರೆತೇ ಹೋಗುತ್ತದೆ. ನೋಡಿದರೂ ಏನು ನೋಡಬೇಕು ಅಂತ ಗೊತ್ತಾಗುತ್ತಿಲ್ಲ. ವಿಡಿಯೋದಲ್ಲಿ ನೋಡಿದ್ದಕ್ಕೂ ಕನ್ನಡಿಯಲ್ಲಿ ಕಾಣುವುದಕ್ಕೂ ಎಡ ಬಲ ಅದಲು ಬದಲಾಗಿ ತಲೆ ಕೆಡುತ್ತದೆ.

ಕನ್ನಡಿ ಎದುರಿಗೆ ಇಡಬೇಕಾ, ಪಕ್ಕಕ್ಕೆ ಇಡಬೇಕಾ? ದಿನಕ್ಕೆ ಎಷ್ಟು ಹೊತ್ತು? ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೋಡಿದರೆ ಸಾಲದಾ? ನಿಜವಾಗಿ ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬೀದರ್_ಕ್ವಾಯರ್_ಡ್ರಮ್ಸ್:

ತಮ್ಮಾ, ನಾನು ಬೀದರಿನಲ್ಲಿ ಚರ್ಚ್ ಕ್ವಾಯರ್ ಜೊತೆ ಹದಿನಾಲ್ಕು ವರ್ಷದಿಂದ ಬಾರಿಸುತ್ತಿದ್ದೇನೆ. ಕನ್ನಡಿಯಿಂದ ಉಪಯೋಗ ಇದೆ, ಅದರಲ್ಲಿ ಅನುಮಾನ ಬೇಡ. ಆದರೆ ಕನ್ನಡಿ ಎದುರು ಕೂತು ಇಷ್ಟದ ಹಾಡು ಬಾರಿಸಿದರೆ ಏನೂ ಸಿಗುವುದಿಲ್ಲ. ಹಾಗೆ ಮಾಡಿದರೆ ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ.

ಶುರುವಿನ ನಾಲ್ಕೈದು ವರ್ಷ ನನ್ನ ಎಡಗೈಯೂ ನಿನ್ನದರ ಹಾಗೇ ಇತ್ತು. ಶಕ್ತಿ ಇಲ್ಲ ಅಂದುಕೊಂಡು 5ಎ ಅಳತೆಯ ಸ್ಟಿಕ್ ಬಿಟ್ಟು ಅದಕ್ಕಿಂತ ದಪ್ಪನೆಯದು ತಂದೆ, ಮಣಿಕಟ್ಟು ನೋವು ಬಂತು ಅಷ್ಟೇ. ಒಂದು ಕ್ರಿಸ್‌ಮಸ್ ತಯಾರಿಯಲ್ಲಿ ಹಿಂದಿನ ಕೋಣೆಯಲ್ಲಿ ಪ್ಯಾಡ್ ಇಟ್ಟುಕೊಂಡು ಬಾರಿಸುತ್ತಿದ್ದೆ. ಮಕ್ಕಳ ನಾಟಕಕ್ಕೆ ಮೇಕಪ್ ಮಾಡಲು ಅಂತ ಅಲ್ಲಿ ಉದ್ದನೆ ಕನ್ನಡಿ ಇಟ್ಟಿದ್ದರು. ತಲೆ ಎತ್ತಿದಾಗ ಕಂಡಿತು. ಬಲಗೈ ಸ್ಟಿಕ್ಕಿನ ತುದಿ ನನ್ನ ಭುಜದ ಮಟ್ಟಕ್ಕೆ ಹೋಗಿ ಬರುತ್ತಿದೆ, ಎಡಗೈ ಸ್ಟಿಕ್ಕಿನ ತುದಿ ಪ್ಯಾಡಿನ ಮೇಲೆ ನಾಲ್ಕು ಬೆರಳು ಕೂಡ ಏಳುತ್ತಿಲ್ಲ. ಅಷ್ಟು ವರ್ಷ ಕೇಳಿಸಿಕೊಂಡಿದ್ದೆ, ಒಂದು ದಿನವೂ ನೋಡಿರಲಿಲ್ಲ. ಎಡಗೈಗೆ ಶಕ್ತಿ ಕಮ್ಮಿ ಇರಲಿಲ್ಲ, ಎತ್ತರ ಕಮ್ಮಿ ಇತ್ತು. ನಾಲ್ಕು ಬೆರಳಿಂದ ಬಿದ್ದ ಸ್ಟಿಕ್ ಒಂದು ಅಡಿಯಿಂದ ಬಿದ್ದ ಸ್ಟಿಕ್ಕಿನ ಹಾಗೆ ಸದ್ದು ಮಾಡಬೇಕು ಅಂದರೆ ಏನು ಮಾಡಬೇಕು? ಒತ್ತಿ ಹೊಡೆಯಬೇಕು. ಒತ್ತಿ ಒತ್ತಿ ಹೊಡೆದರೆ ಮೊಣಕೈ ಕೆಳಗೆ ಬಿಗಿ ಹಿಡಿಯದೆ ಇರುತ್ತಾ? ನಿನ್ನ ನೋವಿಗೂ ಇದೇ ಕಾರಣ ಅಂತ ನನಗೆ ಅನಿಸುತ್ತದೆ.

ಇನ್ನು ಏನು ನೋಡಬೇಕು ಅಂದರೆ, ಒಂದು ಸಲಕ್ಕೆ ಒಂದೇ ಒಂದು ನೋಡು. ಮೆಟ್ರೊನೋಮ್ 60ಕ್ಕೆ ಇಡು. ಬಲಗೈ ಎಂಟು ಹೊಡೆತ, ಎಡಗೈ ಎಂಟು ಹೊಡೆತ, ಬೀಟಿಗೆ ಒಂದೇ. ಕನ್ನಡಿಗೆ ಕಣ್ಣು ಹೋದರೆ ಲಯ ತಪ್ಪುತ್ತದೆ ಅಂದೆಯಲ್ಲ, ವೇಗ ಜಾಸ್ತಿ ಇಟ್ಟಿದ್ದೀಯ ಅಂತ ಅದರ ಅರ್ಥ. 60ರಲ್ಲಿ ಲಯ ತಾನಾಗಿ ನಡೆಯುತ್ತದೆ, ಕಣ್ಣಿಗೆ ಬಿಡುವು ಸಿಗುತ್ತದೆ.

ಮೊದಲ ಎರಡು ನಿಮಿಷ ಭುಜ ಮಾತ್ರ. ಎರಡೂ ಭುಜ ಒಂದೇ ಮಟ್ಟದಲ್ಲಿ ಇವೆಯಾ? ಎಡಗೈ ಸರದಿ ಬಂದಾಗ ಎಡಭುಜ ಕಿವಿ ಕಡೆ ಏರುತ್ತದಾ? ಏರಿದರೆ ಅಲ್ಲೇ ನಿಲ್ಲಿಸು, ಉಸಿರು ಬಿಡು, ಮತ್ತೆ ಶುರು ಮಾಡು. ಆಮೇಲೆ ಎರಡು ನಿಮಿಷ ಸ್ಟಿಕ್ ತುದಿಯ ಎತ್ತರ. ಆಮೇಲೆ ಹೆಬ್ಬೆರಳು ಮತ್ತು ಅಂಗೈ ಯಾವ ಕಡೆ ತಿರುಗಿವೆ ಅಂತ ನೋಡು. ಎರಡೂ ಕೈಯಲ್ಲಿ ಸ್ಟಿಕ್ ಒಂದೇ ರೀತಿ ಹಿಡಿಯುವವರಿಗೆ ಕನ್ನಡಿ ತುಂಬಾ ಸುಲಭ. ಕಾಗದ ಮಡಚಿ ಕತ್ತರಿಸಿ ಬಿಚ್ಚಿದರೆ ಎರಡೂ ಕಡೆ ಹೇಗೆ ಹೊಂದುತ್ತವೆಯೋ ಹಾಗೆ ಎರಡೂ ಕೈ ಕಾಣಬೇಕು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ತೊಂದರೆ ಇದೆ.

ಎದುರಿಗೆ ಇಟ್ಟ ಕನ್ನಡಿಯಲ್ಲಿ ಭುಜ, ಎತ್ತರ, ಎರಡು ಕೈಯ ಹೋಲಿಕೆ ಸಿಗುತ್ತದೆ. ಪಕ್ಕಕ್ಕೆ ಇಟ್ಟದ್ದರಲ್ಲಿ ಮಣಿಕಟ್ಟು, ಬೆನ್ನು, ಸ್ಟಿಕ್ ಹಿಂದಿನ ತುದಿ ಅಂಗೈಗೆ ಅಂಟಿಕೊಂಡಿದೆಯಾ ಬಿಟ್ಟುಕೊಂಡಿದೆಯಾ ಅಂತ ಕಾಣುತ್ತದೆ. ಹಾಗಾಗಿ ಎರಡೂ ಬೇಕು. ಅಲ್ಮಾರಿ ಸರಿಸಬೇಡ, ಕುರ್ಚಿ ತಿರುಗಿಸು, ಸಾಕು.

ಎಡ ಬಲದ ಗೊಂದಲಕ್ಕೆ ಹೆದರಬೇಡ. ಕನ್ನಡಿಯಲ್ಲಿ ನಿನ್ನ ಬಲಗೈ ಬಲಕ್ಕೇ ಕಾಣುತ್ತದೆ. ವಿಡಿಯೋದಲ್ಲಿ ಕಲಿಸುವವರು ನಿನಗೆ ಎದುರಾಗಿ ಕೂತಿರುತ್ತಾರೆ, ಅವರ ಬಲಗೈ ನಿನ್ನ ಎಡಕ್ಕೆ ಬರುತ್ತದೆ. ಮೊಬೈಲಿನಲ್ಲಿ ಆ ವಿಡಿಯೋವನ್ನು ಫ್ಲಿಪ್ ಮಾಡಿ ಇಟ್ಟುಕೊಂಡರೆ ಕನ್ನಡಿಗೆ ಸರಿಯಾಗಿ ಹೊಂದುತ್ತದೆ.

ತಬಲಾ_ಅಕ್ಕ:

ನಾನು ಡ್ರಮ್ಸ್ ಬಾರಿಸುವುದಿಲ್ಲ, ಕಲಬುರಗಿಯಲ್ಲಿ ಮಕ್ಕಳಿಗೆ ತಬಲಾ ಹೇಳಿಕೊಡುತ್ತೇನೆ. ಆದರೂ ಬರೆಯಬೇಕು ಅನಿಸಿತು, ಯಾಕೆಂದರೆ ನಮ್ಮ ಮನೆಯ ಪಾಠದ ಕೋಣೆಯಲ್ಲಿ ನೆಲಕ್ಕೆ ತಾಗಿಸಿ ಒಂದು ಕನ್ನಡಿ ಇಟ್ಟಿದ್ದೇನೆ. ನಾವು ನೆಲದ ಮೇಲೆ ಕೂರುವವರು, ಗೋಡೆ ಮೇಲೆ ಎತ್ತರದಲ್ಲಿ ತೂಗುಹಾಕಿದ ಕನ್ನಡಿ ನಮಗೆ ಪ್ರಯೋಜನ ಇಲ್ಲ. ಮೊದಲು ಶಹಾಬಾದ್ ಕಲ್ಲಿನ ನೆಲದ ಮೇಲೆ ಹಾಗೇ ಒರಗಿಸಿದ್ದೆ. ಬಾಯಾ (ತಬಲಾ ಜೋಡಿಯಲ್ಲಿ ಎಡಗೈಯದು) ಬಾರಿಸುವ ಸದ್ದಿಗೆ ಒಂದಿಷ್ಟೇ ಜಾರುತ್ತಾ ಬಂದು ಒಂದು ದಿನ ಬೀಳುವುದರಲ್ಲಿತ್ತು. ಕೆಳಗೆ ರಬ್ಬರ್ ಚಾಪೆ ತುಂಡು ಹಾಕಿ, ಮೇಲೆ ಮೊಳೆಗೆ ತಂತಿ ಕಟ್ಟಿ. ಮಕ್ಕಳು ಇರುವ ಮನೆಯಲ್ಲಿ ಇದನ್ನು ಮರೆಯಬೇಡಿ.

ಬೀದರಿನ ಅಣ್ಣ ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಮಾತು ಬಿಟ್ಟು. "ಅಷ್ಟು ವರ್ಷ ಕೇಳಿಸಿಕೊಂಡಿದ್ದೆ" ಅಂದಿರಲ್ಲ, ನನ್ನ ಅನುಭವದಲ್ಲಿ ನಾವು ಸರಿಯಾಗಿ ಕೇಳಿಸಿಕೊಂಡೇ ಇರುವುದಿಲ್ಲ. ನಾನು ಮಕ್ಕಳಿಗೆ ಮೊದಲು ಕಣ್ಣು ಮುಚ್ಚಿಸಿ ಧಾ ಧಾ ತಿ ಟ ಬಾರಿಸಲು ಹೇಳುತ್ತೇನೆ. ಎಲ್ಲಿ ಸದ್ದು ಕೆಡುತ್ತಿದೆ ಅಂತ ಅವರ ಬಾಯಿಂದಲೇ ಬರಬೇಕು. ಬಂದ ಮೇಲೆ ಕಣ್ಣು ಬಿಟ್ಟು ಕನ್ನಡಿಯಲ್ಲಿ ಯಾಕೆ ಅಂತ ಹುಡುಕಲಿ. ಕಿವಿ ಮುಂದೆ, ಕಣ್ಣು ಹಿಂದೆ. ಇಲ್ಲದಿದ್ದರೆ ಕೈ ಚಂದ ಕಾಣುತ್ತದೆ, ನಾದ ಬರುವುದಿಲ್ಲ. ಅಂಥ ಕೈಗಳನ್ನೂ ನೋಡಿದ್ದೇನೆ.

ಒಬ್ಬಳು ಹುಡುಗಿ ಇದ್ದಳು, ಹನ್ನೊಂದು ವರ್ಷ. ಕೆಹರವಾ ತಾಳ ಚೆನ್ನಾಗಿ ಬಾರಿಸುತ್ತಿದ್ದಳು. ತಿರಕಿಟ ಅನ್ನುವ ವೇಗದ ಬೋಲ್ (ಬಾಯಲ್ಲಿ ಹೇಳುವ ತಬಲಾ ಅಕ್ಷರ) ಬಂದರೆ ಮಾತ್ರ ಒಡೆಯುತ್ತಿತ್ತು. ಬೆರಳು ಸರಿ ಇತ್ತು, ಕೂತ ಭಂಗಿ ಸರಿ ಇತ್ತು. ಎರಡು ವಾರ ನನಗೂ ಹೊಳೆಯಲಿಲ್ಲ. ಕನ್ನಡಿ ಎದುರು ಕೂರಿಸಿದ ದಿನ ಅವಳೇ ಹೇಳಿದಳು, "ಮಿಸ್, ತಿರಕಿಟ ಬಂದಾಗ ನಾನು ತುಟಿ ಕಚ್ಚುತ್ತೇನೆ." ಕಚ್ಚುವಾಗ ಉಸಿರೂ ಹಿಡಿಯುತ್ತಿದ್ದಳು. ಉಸಿರು ಹಿಡಿದರೆ ಕುತ್ತಿಗೆ ಬಿಗಿ, ಕುತ್ತಿಗೆ ಬಿಗಿಯಾದರೆ ಭುಜ, ಭುಜದಿಂದ ಬೆರಳಿನವರೆಗೂ ಬಿಗಿ ಇಳಿಯುತ್ತದೆ. ತುಟಿ ಬಿಟ್ಟು ಬಾಯಲ್ಲಿ ಬೋಲ್ ಹೇಳುತ್ತಾ ಬಾರಿಸು ಅಂದೆ. ಬಾಯಿ ಬೋಲ್ ಹೇಳುತ್ತಿದ್ದರೆ ತುಟಿ ಕಚ್ಚಲು ಆಗುವುದಿಲ್ಲ, ಉಸಿರು ಹಿಡಿಯಲೂ ಆಗುವುದಿಲ್ಲ. ಒಂದು ತಿಂಗಳು ಹಿಡಿಯಿತು. ಅದಕ್ಕೇ ತಮ್ಮಾ, ಕೈ ಮಾತ್ರ ನೋಡಬೇಡ, ಮುಖವನ್ನೂ ನೋಡು. ದವಡೆ ಬಿಗಿದಿದೆಯಾ, ಹಣೆ ಗಂಟಿಕ್ಕಿದೆಯಾ ನೋಡು. ಕೈ ಎಲ್ಲಿ ಒದ್ದಾಡುತ್ತಿದೆ ಅಂತ ಮುಖ ಮೊದಲೇ ಹೇಳಿರುತ್ತದೆ.

ಮಣಿಕಟ್ಟು ಸಡಿಲ ಇರುವುದು ಅಂದರೆ ಏನು ಅಂತ ಗೊತ್ತಾಗಬೇಕಾದರೆ ನಾಳೆ ಮನೆಯಲ್ಲಿ ರೊಟ್ಟಿ ಬಡಿಯುವಾಗ ಹತ್ತಿರ ಕೂತು ನೋಡು. ಮೊಣಕೈ ಹೆಚ್ಚು ಆಡುವುದಿಲ್ಲ. ಅಂಗೈ ಬಿದ್ದ ಕೂಡಲೇ ಎದ್ದುಬಿಡುತ್ತದೆ, ಹಿಟ್ಟಿನ ಮೇಲೆ ನಿಲ್ಲುವುದೇ ಇಲ್ಲ, ಬೆರಳು ಒಟ್ಟಿಗೆ ಇದ್ದರೂ ಬಿಗಿ ಇರುವುದಿಲ್ಲ, ರೊಟ್ಟಿ ತಾನೇ ತಿರುಗುತ್ತಾ ಹೋಗುತ್ತದೆ. ಕೈ ಬಿಗಿ ಮಾಡಿ ಬಡಿದರೆ ಅಂಚು ಬಿರಿಯುತ್ತದೆ. ನಾನು ಮಕ್ಕಳಿಗೆ ತಬಲಾ ಮುಟ್ಟಿಸುವ ಮೊದಲು ಇದನ್ನೇ ನೋಡಲು ಕಳಿಸುತ್ತೇನೆ.

ಶಹಾಪುರ_ವಿಜ್ಞಾನ_ಮೇಷ್ಟ್ರು:

ನನಗೆ ವಾದ್ಯ ಬರುವುದಿಲ್ಲ. ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ, ಮಗ ಡ್ರಮ್ಸ್ ಕಲಿಯುತ್ತಿದ್ದಾನೆ. ಸ್ಟಿಕ್ ಎತ್ತರ ಅಳೆಯಲು ಅವನು ಕನ್ನಡಿ ಮೇಲೆ ಟೇಪ್ ಅಂಟಿಸಿದ್ದ. ಸ್ಕೇಲ್ ಇಟ್ಟು 12 ಇಂಚು ಸರಿಯಾಗಿ ಗುರುತು ಹಾಕಿದ್ದ. ಅದು ತಪ್ಪು, ನೀವೂ ಹಾಗೆ ಮಾಡಬೇಡಿ.

ನಿಮ್ಮ ಕಣ್ಣು ಮತ್ತು ವಸ್ತು ಎರಡೂ ಕನ್ನಡಿಯಿಂದ ಒಂದೇ ದೂರದಲ್ಲಿ ಇದ್ದರೆ, ಕನ್ನಡಿಯ ಗಾಜಿನ ಮೇಲೆ ಬಿಂಬ ಹಿಡಿಯುವ ಜಾಗ ವಸ್ತುವಿನ ಅರ್ಧ ಮಾತ್ರ. ನಂಬಿಕೆ ಬರದಿದ್ದರೆ ಸ್ನಾನದ ನಂತರ ಮಂಜು ಹಿಡಿದ ಕನ್ನಡಿಯಲ್ಲಿ ನಿಮ್ಮ ಮುಖದ ಸುತ್ತ ಬೆರಳಿನಿಂದ ಗೆರೆ ಎಳೆದು ಅಳೆದು ನೋಡಿ. ಡ್ರಮ್ಸ್ ಬಾರಿಸುವಾಗ ಸ್ಟಿಕ್ ತುದಿ ಕಣ್ಣಿಗಿಂತ ಕನ್ನಡಿಗೆ ಹತ್ತಿರ ಇರುತ್ತದೆ. ಕಣ್ಣು 4 ಅಡಿ ದೂರ, ಸ್ಟಿಕ್ ತುದಿ ಎರಡೂವರೆ ಅಡಿ ದೂರ ಅಂತ ಇಟ್ಟುಕೊಳ್ಳಿ. 12 ಇಂಚಿನ ಎತ್ತರ ಗಾಜಿನ ಮೇಲೆ 7 ಇಂಚಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ತಲೆ ಬಗ್ಗಿಸಿದರೆ, ಕುರ್ಚಿ ಹಿಂದೆ ಸರಿಸಿದರೆ ಅದೂ ಬದಲಾಗುತ್ತದೆ. ಅಂದರೆ ಗಾಜಿನ ಮೇಲಿನ ಟೇಪ್ ಯಾವಾಗಲೂ ಸುಳ್ಳು ಹೇಳುತ್ತದೆ.

ನಾವು ಕೊನೆಗೆ ಮಾಡಿದ್ದು ಇಷ್ಟು. ಮರದ ಒಂದು ಅಡಿ ಸ್ಕೇಲನ್ನು ಪ್ಯಾಡಿನ ಪಕ್ಕದಲ್ಲಿ, ಸ್ಟಿಕ್ ತುದಿ ಬೀಳುವ ಜಾಗಕ್ಕೆ ಸಮನಾಗಿ ನೆಟ್ಟಗೆ ನಿಲ್ಲಿಸಿದೆವು. ಸ್ಕೇಲೂ ಸ್ಟಿಕ್ ತುದಿಯೂ ಕನ್ನಡಿಯಿಂದ ಒಂದೇ ದೂರ. ಹಾಗಾಗಿ ಬಿಂಬದಲ್ಲಿ ಎರಡನ್ನೂ ನೇರವಾಗಿ ಹೋಲಿಸಬಹುದು, ಯಾವ ಲೆಕ್ಕವೂ ಬೇಡ. ಕನ್ನಡಿಯಲ್ಲಿ ಅಂಕಿ ತಿರುಗುಮುರುಗಾಗಿ ಕಾಣುತ್ತದೆ, ಓದಲು ಕಷ್ಟ. ಅದಕ್ಕೆ 3, 6, 9 ಇಂಚಿಗೆ ಬೇರೆ ಬೇರೆ ಬಣ್ಣದ ರಬ್ಬರ್ ಬ್ಯಾಂಡ್ ಹಾಕಿದೆವು. ಕನ್ನಡಿ ಗೋಡೆಗೆ ಒರಗಿಸಿದ್ದರೆ ಅದು ಓರೆಯಾಗಿರುತ್ತದೆ, ಬಿಂಬವೂ ಓರೆ. ಅಲ್ಮಾರಿ ಕನ್ನಡಿ ನೆಟ್ಟಗೆ ಇರುತ್ತದೆ, ಅದೇ ಒಳ್ಳೆಯದು.

ಸ್ನೇರ್_ಕಲಬುರಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಾಲ್ಕು ದಿನ ಹೇಳಿದ ಹಾಗೇ ಮಾಡಿದೆ. ನಮ್ಮ ಮೇಲಿನ ರೂಮು ಪತ್ರಾಸ್ ಶೀಟಿನದು. ಈಗ ಬೇಸಿಗೆಯಲ್ಲಿ ಹತ್ತು ಗಂಟೆ ಆದಮೇಲೆ ಅಲ್ಲಿ ಕೂರಲು ಆಗುವುದಿಲ್ಲ, ಹಾಗಾಗಿ ಬೆಳಗ್ಗೆ ಆರಕ್ಕೆ ಎದ್ದು ಕೆಳಗೆ ಅಲ್ಮಾರಿ ಎದುರು ಕೂರುತ್ತಿದ್ದೇನೆ.

ಭುಜ ಸರಿ ಇದೆ. ಎತ್ತರದಲ್ಲಿ ವ್ಯತ್ಯಾಸ ಇದೆ. ಬಲಗೈ 9 ಇಂಚಿನ ರಬ್ಬರ್ ಬ್ಯಾಂಡ್ ದಾಟುತ್ತದೆ, ಎಡಗೈ 5 ಇರಬಹುದು. ಆದರೆ ಅದಕ್ಕಿಂತ ದೊಡ್ಡದು ಒಂದು ಕಂಡಿತು. ಬಲಗೈಯ ಅಂಗೈ ನೆಲ ನೋಡುತ್ತದೆ. ಎಡಗೈಯ ಹೆಬ್ಬೆರಳಿನ ಉಗುರು ನೇರ ಮೇಲಕ್ಕೆ, ಛಾವಣಿ ನೋಡುತ್ತದೆ. ಎರಡು ವರ್ಷದಿಂದ ಹೀಗೇ ಹಿಡಿದಿದ್ದೇನೆ ಅಂತ ಕಾಣುತ್ತದೆ! ಇದರಲ್ಲಿ ಯಾವುದು ಸರಿ? ಎಡಗೈಯನ್ನು ಬಲಗೈ ಹಾಗೆ ತಿರುಗಿಸಿದರೆ ಸ್ಟಿಕ್ ಬಿದ್ದುಹೋಗುವ ಹಾಗೆ ಅನಿಸುತ್ತದೆ.

ಅಕ್ಕಾ, ಅವ್ವ ರೊಟ್ಟಿ ಬಡಿಯುವುದನ್ನು ನೋಡಿದೆ. ಇಷ್ಟು ವರ್ಷ ಪಕ್ಕದಲ್ಲೇ ಕೂತು ಉಂಡಿದ್ದೇನೆ, ಕೈ ನೋಡಿರಲಿಲ್ಲ. ಕೈ ನಿಲ್ಲುವುದೇ ಇಲ್ಲ ಅಂದಿರಲ್ಲ, ಹಾಗೇ ಇದೆ.

ಬೀದರ್_ಕ್ವಾಯರ್_ಡ್ರಮ್ಸ್:

ಸಿಕ್ಕಿತು ನೋಡು! ಎರಡೂ ತಪ್ಪಲ್ಲ ತಮ್ಮಾ. ಅಂಗೈ ನೆಲ ನೋಡುವ ಹಿಡಿತಕ್ಕೆ ಜರ್ಮನ್ ಗ್ರಿಪ್ ಅನ್ನುತ್ತಾರೆ, ಹೆಬ್ಬೆರಳು ಮೇಲಿರುವುದಕ್ಕೆ ಫ್ರೆಂಚ್ ಗ್ರಿಪ್. ಎರಡರ ನಡುವೆ ಓರೆಯಾಗಿ ಹಿಡಿದರೆ ಅಮೆರಿಕನ್ ಗ್ರಿಪ್. ಜರ್ಮನ್ ಗ್ರಿಪ್ಪಿನಲ್ಲಿ ಮಣಿಕಟ್ಟು ಕೆಲಸ ಮಾಡುತ್ತದೆ, ಫ್ರೆಂಚ್ ಗ್ರಿಪ್ಪಿನಲ್ಲಿ ಬೆರಳು ಜಾಸ್ತಿ ಕೆಲಸ ಮಾಡುತ್ತದೆ. ನಿನ್ನ ಬಲಗೈ ಮಣಿಕಟ್ಟಿನಿಂದ ಹೊಡೆಯುತ್ತಿದೆ. ಎಡಗೈ ಬೆರಳಿನಿಂದ ಹೊಡೆಯಬೇಕಾದ ಹಿಡಿತ ಹಿಡಿದುಕೊಂಡು ಮಣಿಕಟ್ಟಿನಿಂದ ಹೊಡೆಯಲು ಒದ್ದಾಡುತ್ತಿದೆ. ಎಡಗೈ ಸಪ್ಪೆ ಅಂತ ಬೈದುಕೊಂಡೆಯಲ್ಲ, ಪಾಪ ಅದು ಬೇರೆಯದೇ ಕೆಲಸ ಮಾಡುತ್ತಿತ್ತು.

ಬಲವಂತವಾಗಿ ಪೂರ್ತಿ ತಿರುಗಿಸಬೇಡ. ಎರಡೂ ಕೈಯನ್ನು ನಡುವಿನ ಓರೆಗೆ ತಾ. ಬಲಗೈ ಒಂದು ಸ್ವಲ್ಪ ಎದ್ದು ಬರಲಿ, ಎಡಗೈ ಜಾಸ್ತಿ ಇಳಿದು ಬರಲಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸ್ಟಿಕ್ ತೂಗಬೇಕು, ಉಳಿದ ಮೂರು ಬೆರಳು ಸುತ್ತ ಇರಬೇಕು, ಹಿಸುಕಬಾರದು. ಬಿದ್ದುಹೋಗುವ ಹಾಗೆ ಅನಿಸಿದರೆ ಬೀಳಲಿ ಬಿಡು. ಮೊದಲ ವಾರ ನಾಲ್ಕು ಸಲ ಬಿದ್ದರೆ ಒಳ್ಳೆಯದೇ, ಹಿಸುಕುತ್ತಿಲ್ಲ ಅಂತ ಅರ್ಥ. ನಮ್ಮ ಕಡೆ ಬೇಸಿಗೆಯಲ್ಲಿ ಇನ್ನೊಂದು ಇದೆ. ಬೆವರಿಗೆ ಸ್ಟಿಕ್ ಜಾರುತ್ತದೆ, ಜಾರಿದ ಕೂಡಲೇ ಕೈ ತಾನಾಗಿ ಬಿಗಿಯುತ್ತದೆ, ಅದು ನಮಗೆ ತಿಳಿಯುವುದೇ ಇಲ್ಲ. ಕನ್ನಡಿಯಲ್ಲಿ ಬೆರಳಿನ ಗೆಣ್ಣು ನೋಡು. ಬೆಳ್ಳಗಾಗಿದ್ದರೆ ಬಿಗಿ ಜಾಸ್ತಿ. ಪಕ್ಕದಲ್ಲಿ ಒಂದು ಟವೆಲ್ ಇಟ್ಟುಕೋ.

ಎತ್ತರದ ಬಗ್ಗೆ ಇನ್ನೊಂದು ಮಾತು. ಎಲ್ಲಾ ಹೊಡೆತ ಒಂದೇ ಎತ್ತರ ಇರಬೇಕು ಅಂತ ಅಲ್ಲ. ಎತ್ತರದಿಂದ ಶುರುವಾಗಿ ಎತ್ತರಕ್ಕೇ ವಾಪಸ್ ಹೋಗುವುದು ಫುಲ್ ಸ್ಟ್ರೋಕ್. ಎತ್ತರದಿಂದ ಬಂದು ಕೆಳಗೇ ನಿಲ್ಲುವುದು ಡೌನ್ ಸ್ಟ್ರೋಕ್. ಕೆಳಗೆ ಶುರು ಕೆಳಗೇ ಮುಗಿದರೆ ಟ್ಯಾಪ್. ಕೆಳಗಿಂದ ಹೊಡೆದು ಮೇಲಕ್ಕೆ ಎದ್ದರೆ ಅಪ್ ಸ್ಟ್ರೋಕ್. ಈ ನಾಲ್ಕರಲ್ಲಿ ಕನ್ನಡಿ ತುಂಬಾ ಸಹಾಯ ಮಾಡುವುದು ಡೌನ್ ಸ್ಟ್ರೋಕಿಗೆ. ಹೊಡೆದ ಮೇಲೆ ಸ್ಟಿಕ್ ಎಲ್ಲಿ ನಿಂತಿತು? 3 ಇಂಚಿನ ಬ್ಯಾಂಡಿನ ಕೆಳಗೆ ನಿಂತರೆ ಮುಂದಿನ ಹೊಡೆತ ಮೆತ್ತಗೆ ಬರುತ್ತದೆ. 6ರಲ್ಲಿ ನಿಂತರೆ ಎಷ್ಟು ಹುಷಾರಾಗಿ ಹೊಡೆದರೂ ಮೆತ್ತಗೆ ಬರುವುದಿಲ್ಲ. ಹಾಡಿನ ನಡುವೆ ಸ್ನೇರಿನಲ್ಲಿ (ಸೆಟ್ಟಿನ ಮುಖ್ಯ ಚಿಕ್ಕ ಡ್ರಮ್) ಪಿಸುಮಾತಿನ ಹಾಗೆ ಬರುವ ಗೋಸ್ಟ್ ನೋಟ್ ಕೆಡುವುದು ಇಲ್ಲೇ.

ಪರ್ಕಸಿವ್ ಆರ್ಟ್ಸ್ ಸೊಸೈಟಿ ಅನ್ನುವ ತಾಳವಾದ್ಯದವರ ಸಂಘ 1984ರಲ್ಲಿ ಒಪ್ಪಿಕೊಂಡ ಪಟ್ಟಿಯಲ್ಲಿ 40 ರೂಡಿಮೆಂಟ್, ಅಂದರೆ ಮೂಲ ಪಾಠದ ಹೊಡೆತಗಳು ಇವೆ. ಎಲ್ಲವನ್ನೂ ಕನ್ನಡಿ ಎದುರು ತಿಕ್ಕಬೇಕಾಗಿಲ್ಲ. ಸಿಂಗಲ್ ಸ್ಟ್ರೋಕ್, ಡಬಲ್ ಸ್ಟ್ರೋಕ್, ಪ್ಯಾರಡಿಡಲ್, ಈ ಮೂರು ಸಾಕು. ಪ್ಯಾರಡಿಡಲ್ ಅಂದರೆ ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಪ್ರತಿ ನಾಲ್ಕರಲ್ಲಿ ಮೊದಲನೆಯದಕ್ಕೆ ಮಾತ್ರ ಒತ್ತು ಕೊಟ್ಟು ಬಾರಿಸಿದರೆ ಫುಲ್ ಸ್ಟ್ರೋಕ್ ಬಿಟ್ಟು ಉಳಿದ ಮೂರೂ ಬಗೆಯ ಹೊಡೆತ ಅದರಲ್ಲೇ ಬರುತ್ತದೆ.

ಸುರಪುರ_ಹಲಗಿ:

ಓದಿ ಖುಷಿ ಆಯಿತು. ನಮ್ಮದು ಹಲಗಿ ಮೇಳ. ಮೊಹರಂನಲ್ಲಿ ಅಲಾಯಿ ಕುಣಿತಕ್ಕೆ, ಜಾತ್ರೆಗೆ, ಮದುವೆ ಮೆರವಣಿಗೆಗೆ ಬಾರಿಸುತ್ತೇವೆ. ನಮ್ಮ ಮುತ್ಯಾ ಕಲಿಸುವಾಗ ಕನ್ನಡಿ ಇರಲಿಲ್ಲ, ಎದುರಿಗೆ ನಿಂತವನೇ ಕನ್ನಡಿ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಅವನ ಕೈ ನೋಡಿ ನಿನ್ನ ಕೈ ತಿದ್ದಿಕೋ ಅನ್ನುತ್ತಿದ್ದರು.

ಆದರೂ ನಾನು ಕನ್ನಡಿ ಹಚ್ಚಿಕೊಂಡಿದ್ದೇನೆ. ಮಾಮಾನ ಕಟಿಂಗ್ ಶಾಪ್ ಮಂಗಳವಾರ ಬಂದ್. ಅಲ್ಲಿ ಮುಂದೆಯೂ ಕನ್ನಡಿ, ಹಿಂದೆಯೂ ಕನ್ನಡಿ. ಶಟರ್ ಅರ್ಧ ಎಳೆದು ನಡುವೆ ನಿಂತರೆ ಸ್ವಂತ ಬೆನ್ನು ಕಾಣುತ್ತದೆ. ಹಲಗಿ ಎಡ ಹೆಗಲಿನಿಂದ ತೂಗುತ್ತದೆ. ಬಲಗೈಯಲ್ಲಿ ದಪ್ಪ ಕಡ್ಡಿ, ಎಡಗೈಯಲ್ಲಿ ಬಿದಿರಿನ ತೆಳ್ಳನೆ ಕಡ್ಡಿ. ಮೂರು ತಾಸು ನಿಂತು ಬಾರಿಸಿದ ಮರುದಿನ ನನ್ನ ಸೊಂಟದ ಒಂದೇ ಕಡೆ ನೋವು ಬರುತ್ತಿತ್ತು. ಹಿಂದಿನ ಕನ್ನಡಿಯಲ್ಲಿ ನೋಡಿದರೆ ಭಾರ ತಾಳಲು ಇಡೀ ಮೈ ಬಲಕ್ಕೆ ವಾಲಿದೆ, ಅಂಗಿಯ ಹಿಂದಿನ ಹೊಲಿಗೆ ಬಿಲ್ಲಿನ ಹಾಗೆ ಬಾಗಿದೆ. ಹೆಗಲ ಪಟ್ಟಿಯನ್ನು ಮೂರು ಬೆರಳು ಗಿಡ್ಡ ಮಾಡಿದೆ, ಹಲಗಿ ಎದೆಗೆ ಹತ್ತಿರ ಬಂತು, ಮೈ ನೆಟ್ಟಗಾಯಿತು. ಸೊಂಟ ನೋವು ಪೂರ್ತಿ ಹೋಗಿಲ್ಲ, ಅರ್ಧಕ್ಕರ್ಧ ಇಳಿದಿದೆ.

ತಮ್ಮಾ, ನೀನು ಕೂತು ಬಾರಿಸುವವನು, ನಿನಗೆ ಸ್ಟೂಲಿನ ಎತ್ತರ ಇದೆ. ಅದನ್ನೂ ಪಕ್ಕದ ಕನ್ನಡಿಯಲ್ಲಿ ನೋಡು. ಬೆನ್ನು ಗೂನಾಗಿದ್ದರೆ ಕೈಯನ್ನು ಎಷ್ಟು ತಿದ್ದಿದರೂ ಅಷ್ಟೇ.

ತಬಲಾ_ಅಕ್ಕ:

ಸುರಪುರದ ಅಣ್ಣ ಹೇಳಿದ ಎದುರುಬದುರು ನಿಲ್ಲಿಸುವ ಪದ್ಧತಿಯನ್ನು ನಾಳೆಯೇ ನಮ್ಮ ಮಕ್ಕಳಲ್ಲಿ ಮಾಡಿಸುತ್ತೇನೆ. ಇದು ನನಗೆ ಹೊಳೆದಿರಲಿಲ್ಲ.

ಕಲಬುರಗಿ ತಮ್ಮನಿಗೆ ಒಂದು ಎಚ್ಚರಿಕೆ ಮಾತು. ಹಿಡಿತ ಬದಲಿಸುವಾಗ ಒಂದಿಷ್ಟು ದಣಿವು ಬರುತ್ತದೆ, ಅದು ಸಹಜ. ಬೆರಳು ಜೋಮು ಹಿಡಿದರೆ, ಚುಚ್ಚಿದ ಹಾಗೆ ಆದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಅಂದೇ ನಿಲ್ಲಿಸಿ ಡಾಕ್ಟರಿಗೆ ತೋರಿಸು. ಅದನ್ನು ಕನ್ನಡಿ ನೋಡಿ ಸರಿ ಮಾಡಲು ಆಗುವುದಿಲ್ಲ. ಇದನ್ನು ತಡೆದುಕೊಂಡು ಬಾರಿಸುತ್ತಾ ಹೋಗಿ ಆರು ತಿಂಗಳು ತಬಲಾ ಮುಟ್ಟದೆ ಕೂತವಳು ನಾನು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬೀದರ್_ಕ್ವಾಯರ್_ಡ್ರಮ್ಸ್:

ಮೊಬೈಲ್ ಬಗ್ಗೆ ನೀನು ಕೇಳಿದ್ದೆ, ನಾನು ಹೇಳುವುದು ಮರೆತೆ. ಮೊಬೈಲ್ ಆಮೇಲೆ ಹೇಳುತ್ತದೆ, ಕನ್ನಡಿ ಆಗಲೇ ಹೇಳುತ್ತದೆ. ಭುಜ ಏರಿದ ಆ ಗಳಿಗೆಯಲ್ಲೇ ಕಂಡರೆ ಆ ಗಳಿಗೆಯಲ್ಲೇ ಇಳಿಸಬಹುದು, ಮೈಗೆ ಬೇಗ ನೆನಪು ಉಳಿಯುತ್ತದೆ. ಸೆಲ್ಫಿ ಕ್ಯಾಮೆರಾ ಹಾಕಿಕೊಂಡು ಕನ್ನಡಿ ಹಾಗೆ ನೋಡುತ್ತೇನೆ ಅಂದರೆ ಚಿತ್ರ ಒಂದು ಚೂರು ತಡವಾಗಿ ಬರುತ್ತದೆ. ಕಿವಿಗೆ ಬಿದ್ದ ಹೊಡೆತ ಕಣ್ಣಿಗೆ ಆಮೇಲೆ ಕಾಣುತ್ತದೆ, ಲಯಕ್ಕೆ ಅದು ವಿಷ. ಆದರೆ ಪೂರ್ತಿ ಹಾಡು ಬಾರಿಸುವಾಗ ಮೊಬೈಲೇ ಸರಿ, ಯಾಕೆಂದರೆ ಕನ್ನಡಿ ಇದೆ ಅಂತ ಗೊತ್ತಿದ್ದಾಗ ನಾವು ಚೆನ್ನಾಗಿಯೇ ನಡೆದುಕೊಳ್ಳುತ್ತೇವೆ. ಹದಿನೈದು ದಿನಕ್ಕೊಮ್ಮೆ ರೆಕಾರ್ಡ್ ಮಾಡಿ, ತಾರೀಖು ಹಾಕಿ ಇಟ್ಟುಕೋ.

ದಿನಕ್ಕೆ ಹತ್ತು ಹದಿನೈದು ನಿಮಿಷ ಮಾತ್ರ ಕನ್ನಡಿ. ನಾನು ಮಾಡುತ್ತಿದ್ದದ್ದು ಹೀಗೆ. ಎಂಟು ಬೀಟ್ ಕನ್ನಡಿ ನೋಡಿ ಬಾರಿಸುವುದು, ಎಂಟು ಬೀಟ್ ಕಣ್ಣು ಮುಚ್ಚಿ ಬಾರಿಸುವುದು, ಕಣ್ಣು ಬಿಟ್ಟಾಗ ಎರಡೂ ಸ್ಟಿಕ್ ಮೊದಲಿನ ಎತ್ತರದಲ್ಲೇ ಇವೆಯಾ ಅಂತ ನೋಡುವುದು. ಕಣ್ಣು ಮುಚ್ಚುವ ಹೊತ್ತು ದಿನಾ ಸ್ವಲ್ಪ ಉದ್ದ ಮಾಡು, ಹದಿನಾರು, ಮೂವತ್ತೆರಡು. ವೇದಿಕೆ ಮೇಲೆ ಕನ್ನಡಿ ಇರುವುದಿಲ್ಲ ಅಲ್ವಾ. ಹಾಡುವವರ ಕಡೆ ನೋಡಬೇಕು, ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅಂತ ನೋಡಬೇಕು.

ಸ್ನೇರ್_ಕಲಬುರಗಿ:

ಮೂರು ವಾರ ಆಯಿತು, ಹೇಗಿದೆ ಅಂತ ಹೇಳಲು ಬಂದೆ. ಮೊದಲ ವಾರ ಹಿಡಿತ ಬದಲಿಸಿ ಎಲ್ಲಾ ಕೆಟ್ಟುಹೋಯಿತು. ಮೊದಲು ಬರುತ್ತಿದ್ದ 100 ಕೂಡ ಬರಲಿಲ್ಲ, ಸ್ಟಿಕ್ ಬಿದ್ದದ್ದಕ್ಕೆ ಲೆಕ್ಕ ಇಲ್ಲ. ಬಿಟ್ಟುಬಿಡೋಣ ಅನಿಸಿತ್ತು. ಅಣ್ಣ ಬೀಳಲಿ ಬಿಡು ಅಂತ ಬರೆದಿದ್ದು ನೆನಪಾಗಿ ಮುಂದುವರಿಸಿದೆ. ಎರಡನೇ ವಾರ 80ರಿಂದ ಮೇಲೆ ಬಂದೆ. ನಿನ್ನೆ ಬೆಳಗ್ಗೆ 110ರಲ್ಲಿ ಐದು ನಿಮಿಷ ನಿಲ್ಲಿಸದೆ ಬಾರಿಸಿದೆ, ಮೊಣಕೈ ಕೆಳಗೆ ಬಿಗಿ ಹಿಡಿಯಲಿಲ್ಲ. 120 ಇನ್ನೂ ಆಗಿಲ್ಲ. ಎಡಗೈ ಎತ್ತರ ಈಗ 8 ಇಂಚಿನ ಹತ್ತಿರ. ಸದ್ದು ಬಲಗೈಯಷ್ಟು ಇಲ್ಲ, ಆದರೆ ಕೀಬೋರ್ಡ್ ಬಾರಿಸುವ ಗೆಳೆಯ ಆ ಕಡೆ ತಿರುಗಿ ಕೂತಿದ್ದವನು, ಯಾವ ಕೈಯಿಂದ ಹೊಡೆಯುತ್ತಿದ್ದೀಯ ಅಂತ ಹೇಳಲು ಹೋಗಿ ಹತ್ತರಲ್ಲಿ ನಾಲ್ಕು ಸಲ ತಪ್ಪು ಹೇಳಿದ. ಮೊದಲು ಒಂದು ಸಲವೂ ತಪ್ಪುತ್ತಿರಲಿಲ್ಲ.

ಅಕ್ಕಾ, ನಾನೂ ದವಡೆ ಕಚ್ಚುತ್ತೇನೆ. ಪ್ಯಾರಡಿಡಲ್ಲಿನಲ್ಲಿ ಎಡಗೈ ಎರಡು ಬರುವಾಗ. ಈಗ ಬಾಯಲ್ಲಿ ಎಣಿಸುತ್ತಾ ಬಾರಿಸುತ್ತಿದ್ದೇನೆ.

ಒಂದು ಹೊಸ ಪ್ರಶ್ನೆ. ಕಿಕ್ ಪೆಡಲ್ (ಕಾಲಿನಿಂದ ದೊಡ್ಡ ಡ್ರಮ್ ಹೊಡೆಯುವುದು) ಒತ್ತುವಾಗ ಹಿಮ್ಮಡಿ ಏಳುತ್ತದೆ ಅಂತ ಗೆಳೆಯ ಹೇಳುತ್ತಾನೆ, ನನಗೆ ತಿಳಿಯುವುದಿಲ್ಲ. ಆರ್ಕೆಸ್ಟ್ರಾ ರೂಮಿನಲ್ಲಿ ಕನ್ನಡಿ ಇಲ್ಲ. ಕಾಲಿಗೆ ಎಂಥ ಕನ್ನಡಿ ಇಡುವುದು?

ಬೀದರ್_ಕ್ವಾಯರ್_ಡ್ರಮ್ಸ್:

ದೊಡ್ಡದು ಬೇಡ. ಒಂದು ಅಡಿಯ ಸಾದಾ ಕನ್ನಡಿ ತೆಗೆದುಕೊಂಡು ಹೋಗು. ಬಲಗಾಲಿನ ಬಲಕ್ಕೆ ಎರಡು ಅಡಿ ದೂರದಲ್ಲಿ ನೆಲದ ಮೇಲೆ ಇಟ್ಟಿಗೆಗೆ ಒರಗಿಸಿ, ಕೂತಲ್ಲಿಂದ ಹಿಮ್ಮಡಿ ಕಾಣುವ ಹಾಗೆ ಸ್ವಲ್ಪ ಮೇಲಕ್ಕೆ ಓರೆ ಮಾಡು. ಬಲಕ್ಕೆ ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್ ಡ್ರಮ್ ಅಡ್ಡ ಬರುತ್ತದೆ, ಆ ಹತ್ತು ನಿಮಿಷ ಅದನ್ನು ಪಕ್ಕಕ್ಕೆ ಸರಿಸಿಡು. ಹಿಮ್ಮಡಿ ಏಳುವುದೇ ತಪ್ಪು ಅಂತ ಅಲ್ಲ, ಎತ್ತಿ ಬಾರಿಸುವವರೂ ಇದ್ದಾರೆ. ಪ್ರತಿ ಹೊಡೆತಕ್ಕೂ ಒಂದೇ ರೀತಿ ಏಳುತ್ತದಾ, ಹೊಡೆದ ಮೇಲೆ ಬೀಟರ್ (ಪೆಡಲಿನ ಸುತ್ತಿಗೆ) ಚರ್ಮಕ್ಕೆ ಒತ್ತಿಕೊಂಡೇ ನಿಲ್ಲುತ್ತದಾ, ವಾಪಸ್ ಬರುತ್ತದಾ, ಇಷ್ಟು ನೋಡಿಕೊಂಡು ಬಾ. ಆಮೇಲೆ ಮುಂದಿನದು ಹೇಳುತ್ತೇನೆ.